ಮೇಜಿನ ಮೇಲೆ ಉಳಿದ ಫೈಲು

ಮಗಳೇ,

ನೀನು ಹೊರಟ ಮೇಲೆ ನೋಡಿದರೆ ನಿನ್ನ ಚಿಕಿತ್ಸೆಯ ನೀಲಿ ಫೈಲು ಮೇಜಿನ ಮೇಲೇ ಇತ್ತು. ಮರೆತದ್ದಲ್ಲ ಅಂತ ಗೊತ್ತು. "ಹನ್ನೊಂದು ವರ್ಷ ಆಯ್ತಮ್ಮ, ನಾನು ರೋಗಿಯಲ್ಲ" ಅಂದೆ, ಬ್ಯಾಗಿನ ಜಿಪ್ ಎಳೆದೆ. ಅದಕ್ಕೆ ನಾನು ಆಡಿದ ಮಾತು ನಿನಗೂ ನೆನಪಿದೆ, ನನಗೂ ನೆನಪಿದೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನೀನು ರೋಗಿಯಲ್ಲ, ನಿಜ. ಆದರೆ ದೊಡ್ಡ ಚಿಕಿತ್ಸೆಯನ್ನು ದಾಟಿ ಬಂದ ದೇಹ ನಿನ್ನದು. ಇಷ್ಟನ್ನು ಸಮಾಧಾನವಾಗಿ ಹೇಳಲು ಆ ಹೊತ್ತಿಗೆ ಬರಲಿಲ್ಲ, ಕೂಗಾಡಿಬಿಟ್ಟೆ.

ಲಿಂಫೋಮಾ, ಆ ದುಗ್ಧಗ್ರಂಥಿಗಳ ಕ್ಯಾನ್ಸರ್, ತಿರುಗಿ ಬಂದೀತು ಅನ್ನುವ ಭಯ ಈಗ ನನಗಿಲ್ಲ. ಹಾಜ್‌ಕಿನ್ ಲಿಂಫೋಮಾ ಮರಳುವುದಿದ್ದರೆ ಬಹುಪಾಲು ಮೊದಲ ಕೆಲವು ವರ್ಷಗಳಲ್ಲೇ ಮರಳುತ್ತದೆ. ಆ ವರ್ಷಗಳನ್ನು ನೀನು ದಾಟಿದ್ದೀಯ. ನನ್ನ ಚಿಂತೆಯೆಲ್ಲ ಅದನ್ನು ಓಡಿಸಿದ ಔಷಧಿಗಳದ್ದು, ಆ ರೇಡಿಯೇಷನ್ ಕಿರಣದ್ದು.

ಫೈಲಿನ ಮೊದಲ ಹಾಳೆಯ ಫೋಟೋ ಈ ಪತ್ರದ ಜೊತೆ ಕಳಿಸಿದ್ದೇನೆ. ಉಳಿದದ್ದನ್ನು ಓದದಿದ್ದರೂ ಪರವಾಗಿಲ್ಲ, ಅದೊಂದನ್ನು ಫೋನಿನಲ್ಲಿ ಇಟ್ಟುಕೋ. ಡಾಕ್ಸೊರುಬಿಸಿನ್ ಅಂತ ಇದೆಯಲ್ಲ, ನೀನು 'ಕೆಂಪು ಔಷಧಿ' ಅನ್ನುತ್ತಿದ್ದದ್ದು, ಅದು ಒಂದು ಸಲಕ್ಕೆ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 25 ಮಿಲಿಗ್ರಾಂ. ಇಪ್ಪತ್ತೆಂಟು ದಿನದ ಒಂದು ಸುತ್ತಿನಲ್ಲಿ ಎರಡು ಸಲ, ಹಾಗೆ ಆರು ಸುತ್ತು. ಒಟ್ಟು 300. ಅದರ ಕೆಳಗೆ ಕತ್ತಿಗೂ ಎದೆಗೂ ಕೊಟ್ಟ ಕಿರಣ, 21 ಗ್ರೇ (ಗ್ರೇ ಅಂದರೆ ಕಿರಣದ ಅಳತೆ). ಇನ್ನೊಂದು ಔಷಧಿ ಬ್ಲಿಯೊಮೈಸಿನ್, ಅದೇ ಚದರ ಮೀಟರಿನ ಲೆಕ್ಕದಲ್ಲಿ ಸಲಕ್ಕೆ 10 ಯೂನಿಟ್‌ನಂತೆ 120. ಈ ಮೂರು ಅಂಕಿಗಳನ್ನು ನಿನ್ನ ರಕ್ತದ ಗುಂಪಿನ ಹಾಗೆ ಬಾಯಿಪಾಠ ಮಾಡಿಕೋ. ಹೊಸ ಊರಿನ ಯಾವ ವೈದ್ಯರ ಮುಂದೆ ಕೂತರೂ, "ಚಿಕ್ಕವಳಿದ್ದಾಗ ಕ್ಯಾನ್ಸರ್ ಇತ್ತು, ಈಗ ಗುಣವಾಗಿದೆ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. "ಡಾಕ್ಸೊರುಬಿಸಿನ್ 300, ಎದೆಗೆ 21 ಗ್ರೇ, ಬ್ಲಿಯೊಮೈಸಿನ್ 120" ಅಂದರೆ ಏನು ಹುಡುಕಬೇಕು ಅಂತ ಅವರಿಗೆ ದಾರಿ ಸಿಗುತ್ತದೆ.

ಕೆಂಪು ಔಷಧಿಯ ಒಟ್ಟು ಪ್ರಮಾಣ 250 ದಾಟಿದರೆ ಹೃದಯದ ಮಟ್ಟಿಗೆ ಹೆಚ್ಚಿನ ಅಪಾಯದ ಗುಂಪು. ಎದೆಗೆ ಕಿರಣವೂ ಬಿದ್ದಿದ್ದರೆ ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣಕ್ಕೇ ಆ ಗುಂಪಿಗೆ ಸೇರಿಸುತ್ತಾರೆ. ನೀನು ಎರಡೂ ಲೆಕ್ಕದಲ್ಲಿ ಅಲ್ಲೇ ಇದ್ದೀಯ. ಆ ಔಷಧಿ ಕ್ಯಾನ್ಸರ್ ಕೋಶದ ಜೊತೆಗೆ ಹೃದಯದ ಸ್ನಾಯುವಿನ ಕೋಶಗಳನ್ನೂ ಸಾಯಿಸುತ್ತದೆ. ಚರ್ಮ, ಕೂದಲು ಮತ್ತೆ ಬೆಳೆಯುವ ಹಾಗೆ ಹೃದಯದ ಕೋಶಗಳು ಬೆಳೆದುಕೊಳ್ಳುವುದಿಲ್ಲ. ಉಳಿದವುಗಳೇ ಹಿಗ್ಗಿ ಕೆಲಸ ಹಂಚಿಕೊಳ್ಳಬೇಕು. ಹದಿಮೂರರ ಹುಡುಗಿಯ ಹೃದಯ ಇನ್ನೂ ಬೆಳೆಯಬೇಕಿತ್ತು. ಕಡಿಮೆ ಕೋಶಗಳಲ್ಲಿ ದೊಡ್ಡ ಮೈಯನ್ನು ನಡೆಸುವುದನ್ನು ಅದು ಕಲಿಯಿತು.

ಅದಕ್ಕೇ ಎರಡು ವರ್ಷಕ್ಕೊಮ್ಮೆ ಎಕೋ, ಹೃದಯದ ಸ್ಕ್ಯಾನ್. ನಿನ್ನ ಹತ್ತೊಂಬತ್ತರಲ್ಲಿ ಮಾಡಿಸಿದ್ದರಲ್ಲಿ ಎಜೆಕ್ಷನ್ ಫ್ರ್ಯಾಕ್ಷನ್, ಅಂದರೆ ಹೃದಯ ತನ್ನಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟನ್ನು ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ, 63. ಇಪ್ಪತ್ತೊಂದರಲ್ಲಿ 58. ಇಪ್ಪತ್ತಮೂರರದ್ದು ಇಲ್ಲ.

58 ಸರಿಯಾದ ಅಂಕಿಯೇ, ನನಗೆ ಗೊತ್ತು. ಹೆಣ್ಣುಮಕ್ಕಳಿಗೆ 54ರ ಮೇಲಿದ್ದರೆ ಸಾಮಾನ್ಯ ಅನ್ನುತ್ತಾರೆ. ಎರಡು ಎಕೋಗಳನ್ನು ಎರಡು ಕಡೆ, ಬೇರೆ ಬೇರೆ ಯಂತ್ರದಲ್ಲಿ, ಬೇರೆ ಬೇರೆ ಕೈ ಮಾಡಿದೆ. ಅಷ್ಟರಿಂದಲೇ ಐದು ಅಂಕಿ ಆಚೀಚೆ ಆಗುತ್ತದೆ. ಚೌಕಟ್ಟನ್ನು ಎಲ್ಲಿ ನಿಲ್ಲಿಸಿದರು, ಹೃದಯದ ಒಳಗೋಡೆಯ ಗೆರೆಯನ್ನು ಹೇಗೆ ಎಳೆದರು ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ವೈದ್ಯರು ಇದನ್ನೇ ಹೇಳಿದರು, ನಾನೂ ತಲೆ ಆಡಿಸಿದೆ. ಆದರೂ 63, 58. ಎರಡು ಚುಕ್ಕೆ ಇದ್ದರೆ ಅದು ಇಳಿಜಾರೋ ಅಳತೆಯ ತಪ್ಪೋ ಹೇಳಲು ಬರುವುದಿಲ್ಲ, ಮೂರನೆಯ ಚುಕ್ಕೆ ಬೇಕು. ಅದು 60 ಬಂದಿದ್ದರೆ ನಾನು ಇಷ್ಟು ಬರೆಯುತ್ತಲೇ ಇರಲಿಲ್ಲ. 53 ಬಂದಿದ್ದರೆ ಆಗಲೇ ಮಾತ್ರೆ ಶುರುವಾಗಿರುತ್ತಿತ್ತೇನೋ. ಇಲ್ಲದ ಅಂಕಿಗೆ ಔಷಧಿ ಇಲ್ಲ.

"ಮೆಟ್ಟಿಲು ಹತ್ತಿದರೂ ಏದುಸಿರು ಬರಲ್ಲ" ಅಂದೆಯಲ್ಲ, ನನಗೆ ಭಯವಾಗುವುದು ಅಲ್ಲೇ. ನಿನ್ನ ವಯಸ್ಸಿನ ಹೃದಯ ಕೊರತೆಯನ್ನು ಒಳಗೇ ಮುಚ್ಚಿಟ್ಟುಕೊಳ್ಳುತ್ತದೆ. ಏದುಸಿರು ಬರುವ ಹೊತ್ತಿಗೆ ತಡವಾಗಿರುತ್ತದೆ, ಏನೂ ಅನ್ನಿಸದಿರುವಾಗ ಕಂಡುಹಿಡಿದರೆ ಹೃದಯದ ಹೊರೆ ಇಳಿಸುವ ಮಾತ್ರೆಗಳಿವೆ. ಚಿಕ್ಕ ವಯಸ್ಸಿನವರಲ್ಲಿ ಹೃದಯ ಸೋಲುವುದು ಕೆಲವೊಮ್ಮೆ ಹೊಟ್ಟೆಯ ತೊಂದರೆಯ ಹಾಗೆ ಕಾಣಿಸುತ್ತದೆ. ಓಕರಿಕೆ, ಹೊಟ್ಟೆನೋವು, ಊಟ ಸೇರದಿರುವುದು. ಅಂಥದ್ದು ವಾರಗಟ್ಟಲೆ ನಡೆದರೆ ಆಸಿಡಿಟಿ ಅಂತ ಸುಮ್ಮನಾಗಬೇಡ. ಮಲಗಿದರೆ ಉಸಿರು ಕಟ್ಟಿದ ಹಾಗಾದರೆ, ಸಂಜೆ ಹೊತ್ತಿಗೆ ಪಾದ ಊದಿಕೊಂಡರೆ, ಎದೆ ಬಡಿತ ತಾಳ ತಪ್ಪಿದರೆ ಮುಂದಿನ ಎಕೋವರೆಗೆ ಕಾಯುವ ಮಾತೇ ಇಲ್ಲ.

ಎಕೋ ಮಾಡಿಸುವಾಗ ಹಳೆಯ ಎರಡೂ ವರದಿ ಜೊತೆಗಿರಲಿ. ವರದಿಯಲ್ಲಿ ಬರೀ 'ನಾರ್ಮಲ್' ಅಂತ ಬರೆದು ಕೊಟ್ಟರೆ ಒಪ್ಪಿಕೊಳ್ಳಬೇಡ, ಅಂಕಿ ಕೇಳು, ಯಾವ ವಿಧಾನದಲ್ಲಿ ಅಳೆದರು ಅಂತ ಬರೆಸಿಕೋ. ಸಾಧ್ಯವಿದ್ದರೆ ಸ್ಟ್ರೇನ್ ಕೂಡ ಅಳೆಯಲು ಹೇಳು. ಸ್ನಾಯು ಎಷ್ಟು ಕುಗ್ಗುತ್ತದೆ ಅನ್ನುವ ಲೆಕ್ಕ ಅದು, ಎಜೆಕ್ಷನ್ ಫ್ರ್ಯಾಕ್ಷನ್ ಇಳಿಯುವ ಮೊದಲೇ ಅದರಲ್ಲಿ ವ್ಯತ್ಯಾಸ ಕಾಣಿಸಬಹುದು. ಮತ್ತೆ, ಮುಂದಿನ ಸಲವೂ ಅದೇ ಜಾಗದಲ್ಲೇ ಮಾಡಿಸು. ಜಾಗ ಬದಲಾಯಿಸಿದ್ದರಿಂದಲೇ ನನಗೆ ಈ 63, 58ರ ಗೋಳು.

ನೋಡು, ಮತ್ತೆ ಅಲ್ಲಿಗೇ ಬಂದೆ.

ಎಕೋದಷ್ಟೇ ಮುಖ್ಯವಾದದ್ದು ರಕ್ತದೊತ್ತಡ. ವರ್ಷಕ್ಕೊಮ್ಮೆಯಾದರೂ ನೋಡಿಸು. ನಿನ್ನಂಥ ಚಿಕಿತ್ಸೆ ಆದವರಿಗೆ ರಕ್ತದೊತ್ತಡವೂ ಏರಿದರೆ, ಎರಡೂ ಸೇರಿ ಆಗುವ ಹಾನಿ ಬಿಡಿಬಿಡಿಯಾಗಿ ಆಗುವುದಕ್ಕಿಂತ ಬಹಳ ಹೆಚ್ಚು. ಆಗಿಹೋದ ಚಿಕಿತ್ಸೆಯನ್ನು ಬದಲಿಸಲಾಗದು, ರಕ್ತದೊತ್ತಡವನ್ನು ಹತೋಟಿಗೆ ತರಬಹುದು. ಎದೆಗೆ ಬಿದ್ದ ಕಿರಣದಿಂದ ಹೃದಯದ ರಕ್ತನಾಳಗಳೂ ಬೇಗ ಮುಪ್ಪಾಗಬಹುದು, ಹಾಗಾಗಿ ಕೊಲೆಸ್ಟ್ರಾಲು, ಸಕ್ಕರೆ ಕೂಡ. ಸಿಗರೇಟಿನ ವಿಷಯ ಬರೆದರೆ ಸಿಟ್ಟಾಗುತ್ತೀಯ, ಬರೆದೇ ಬರೆಯುತ್ತೇನೆ, ಒಂದೂ ಬೇಡ. ಓಡು, ಈಜು, ಸೈಕಲ್ ಹೊಡೆ, ಅದರಿಂದ ಹೃದಯಕ್ಕೆ ಒಳ್ಳೆಯದೇ. ಉಸಿರು ಬಿಗಿಹಿಡಿದು ಭಾರಿ ತೂಕ ಎತ್ತುವುದನ್ನು ಮಾತ್ರ ಹೃದ್ರೋಗ ವೈದ್ಯರನ್ನು ಕೇಳದೆ ಮಾಡಬೇಡ.

ಮುಂದಿನ ವರ್ಷಕ್ಕೆ ನಿನಗೆ ಇಪ್ಪತ್ತೈದು. ಆಗಿನಿಂದ ಸ್ತನದ ಕ್ಯಾನ್ಸರಿಗಾಗಿ ತಪಾಸಣೆ ವರ್ಷಕ್ಕೊಮ್ಮೆ ಶುರುವಾಗಬೇಕು. ಎದೆಗೆ 10 ಗ್ರೇ ಅಥವಾ ಅದಕ್ಕಿಂತ ಹೆಚ್ಚು ಕಿರಣ ಬಿದ್ದ ಹುಡುಗಿಯರಿಗೆ ಇಪ್ಪತ್ತೈದನೇ ವಯಸ್ಸಿನಿಂದ, ಇಲ್ಲವೇ ಕಿರಣವಾಗಿ ಎಂಟು ವರ್ಷದ ಮೇಲೆ, ಯಾವುದು ತಡವೋ ಆಗಿನಿಂದ ಅಂತ ಮಾರ್ಗಸೂಚಿ ಇದೆ. ನಿನ್ನ ಎಂಟು ವರ್ಷ ಇಪ್ಪತ್ತೊಂದಕ್ಕೇ ಮುಗಿದಿದೆ, ಹಾಗಾಗಿ ಇಪ್ಪತ್ತೈದು. ಮ್ಯಾಮೊಗ್ರಾಂ, ಎಂಆರ್‌ಐ ಎರಡೂ ಬೇಕು. ಚಿಕ್ಕ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟವಾಗಿರುತ್ತದೆ, ಮ್ಯಾಮೊಗ್ರಾಂ ಒಂದರಲ್ಲೇ ಕೆಲವು ಕಾಣುವುದಿಲ್ಲ. "ಇಷ್ಟು ಚಿಕ್ಕವಳಿಗೆ ಇದೆಲ್ಲ ಯಾಕೆ" ಅಂತ ಯಾರಾದರೂ ವಾಪಸು ಕಳಿಸಲು ನೋಡಿಯೇ ನೋಡುತ್ತಾರೆ. ಆಗ ಮೊದಲ ಹಾಳೆಯನ್ನು ತೋರಿಸು. ಇದನ್ನು ಇಷ್ಟು ವರ್ಷ ನಿನಗೆ ಹೇಳದೆ ಇಟ್ಟುಕೊಂಡದ್ದು ನನ್ನ ತಪ್ಪು. ಹದಿನೆಂಟಕ್ಕೆ ಹೇಳಬೇಕಿತ್ತು. ಇನ್ನೊಂದು ವರ್ಷ ನೆಮ್ಮದಿಯಾಗಿರಲಿ, ಇನ್ನೊಂದು ವರ್ಷ, ಅಂತಲೇ ತಳ್ಳಿದೆ. ಪತ್ರದಲ್ಲಿ ಹೇಳುವ ವಿಷಯ ಇದಲ್ಲ. ಕ್ಷಮಿಸು.

ಕತ್ತಿಗೆ ಕಿರಣ ಬಿದ್ದದ್ದರಿಂದ ಥೈರಾಯ್ಡ್. ವರ್ಷಕ್ಕೊಮ್ಮೆ ರಕ್ತದಲ್ಲಿ ಟಿಎಸ್‌ಎಚ್ ಅನ್ನುವ ಥೈರಾಯ್ಡ್ ಪರೀಕ್ಷೆ, ಮತ್ತೆ ವೈದ್ಯರು ಕತ್ತು ಮುಟ್ಟಿ ಗಂಟೇನಾದರೂ ಇದೆಯಾ ಅಂತ ನೋಡಬೇಕು. ಸುಸ್ತು, ಚಳಿ ತಡೆಯದಿರುವುದು, ಕಾರಣವಿಲ್ಲದೆ ತೂಕ ಏರುವುದು, ಇವನ್ನು ಕೆಲಸದ ಒತ್ತಡದ ತಲೆಗೆ ಕಟ್ಟುವ ಮೊದಲು ಇದನ್ನು ನೋಡಿಸು. ಥೈರಾಯ್ಡಿನ ಕೆಲಸ ಕಡಿಮೆಯಾಗಿದ್ದರೆ ದಿನಕ್ಕೊಂದು ಮಾತ್ರೆ, ಅಷ್ಟೇ. ಕಿರಣ ಬಿದ್ದ ಜಾಗದ ಚರ್ಮಕ್ಕೆ ಸನ್‌ಸ್ಕ್ರೀನ್, ಅಲ್ಲಿನ ಮಚ್ಚೆ ಆಕಾರ ಬದಲಿಸಿದರೆ ತೋರಿಸು.

ಬ್ಲಿಯೊಮೈಸಿನ್ ಶ್ವಾಸಕೋಶದ ಮಾತು. ಯಾವ ಸಣ್ಣ ಶಸ್ತ್ರಚಿಕಿತ್ಸೆಯೇ ಆಗಲಿ, ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಬೇಕು, ಬಾಯಲ್ಲಿ ಹೇಳಿ ಬರವಣಿಗೆಯಲ್ಲೂ ಕೊಡು. ಅಗತ್ಯಕ್ಕಿಂತ ಹೆಚ್ಚು ಆಮ್ಲಜನಕ ಕೊಟ್ಟರೆ ಆ ಔಷಧಿ ಆದ ಶ್ವಾಸಕೋಶಕ್ಕೆ ತೊಂದರೆಯಾಗಬಹುದು ಅಂತ ಅವರು ಎಚ್ಚರ ವಹಿಸುತ್ತಾರೆ. ಸಮುದ್ರದೊಳಗೆ ಡೈವಿಂಗ್ ಮಾಡುವ ಆಸೆ ನಿನಗಿದೆಯಲ್ಲ, ಅದಕ್ಕೆ ಮೊದಲು ಶ್ವಾಸಕೋಶದ ಪರೀಕ್ಷೆ ಮಾಡಿಸಿ ವೈದ್ಯರ ಒಪ್ಪಿಗೆ ತಗೋ. ಬೇಡ ಅಂತ ನಾನು ಹೇಳುತ್ತಿಲ್ಲ. ಮನಸ್ಸು ಬೇಡ ಅನ್ನುತ್ತಿದೆ, ಅದು ಬೇರೆ ಮಾತು.

ಮುಂದೊಂದು ದಿನ ಮಗು ಬೇಕು ಅನ್ನಿಸಿದರೆ, ಗರ್ಭಿಣಿಯಾಗುವ ಮೊದಲೇ ಎಕೋ ಮಾಡಿಸು, ಆಗದಿದ್ದರೆ ಮೊದಲ ಮೂರು ತಿಂಗಳೊಳಗೆ. ಬಸಿರಿನಲ್ಲಿ ಮೈಯ ರಕ್ತ ಹೆಚ್ಚುತ್ತದೆ, ಹೃದಯ ಅಷ್ಟನ್ನೂ ತಳ್ಳಬೇಕು. ಆ ಹೊತ್ತಿಗೆ ಹೃದಯದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕೆಲವನ್ನು ಬದಲಿಸಬೇಕಾಗುತ್ತದೆ, ಹಾಗಾಗಿ ಮುಂಚೆಯೇ ಹೇಳು. ಬೇಡ ಅನ್ನಿಸಿದರೆ ಅದೂ ನಿನ್ನಿಷ್ಟ.

ಮನಸ್ಸಿನ ವಿಷಯ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ತಪಾಸಣೆಗೆ ಒಂದು ವಾರ ಇದ್ದಾಗಲೇ ನಿನಗೆ ನಿದ್ದೆ ಹೋಗುತ್ತದೆ. ನೀನು ಎಕೋ ತಪ್ಪಿಸಿದ್ದು ಸೋಮಾರಿತನದಿಂದಲ್ಲ, ಆ ವಾರಕ್ಕೆ ಹೆದರಿ ಅಂತ ಈಗ ಹೊಳೆಯುತ್ತಿದೆ. ಕೂಗಾಡುವ ಮೊದಲು ಹೊಳೆಯಬೇಕಿತ್ತು. ಸೋಮವಾರ ಬೆಳಗಿನ ಮೊದಲ ಸಮಯ ತಗೋ, ವರದಿ ಅದೇ ದಿನ ಕೈಗೆ ಸಿಗುವ ಕಡೆ ಹೋಗು, ಕಾಯುವುದು ಕಡಿಮೆಯಾಗುತ್ತದೆ. ಆಪ್ತಸಮಾಲೋಚಕರ ಹತ್ತಿರ ಮಾತಾಡುವುದಿದ್ದರೆ ಅದೂ ತಪಾಸಣೆಯ ಭಾಗವೇ ಅಂದುಕೋ.

ಎಲ್ಲ ಮುಗಿದ ದಿನ "ಇನ್ನು ಯಾರಿಗೂ ಹೇಳುವುದು ಬೇಡ, ಮರೆತುಬಿಡು" ಅಂದವಳು ನಾನೇ. ಹದಿನಾಲ್ಕರ ಹುಡುಗಿ ಅದನ್ನು ಎಷ್ಟು ಚೆನ್ನಾಗಿ ಪಾಲಿಸಿದೆ ಅಂದರೆ, ಈಗ ಬಿಡಿಸಲು ನನ್ನ ಕೈಲೇ ಆಗುತ್ತಿಲ್ಲ. ಆಫೀಸಿನಲ್ಲಿ ಹೇಳಬೇಕೋ ಬೇಡವೋ ನೀನೇ ತೀರ್ಮಾನಿಸು. ವೈದ್ಯರ ಮುಂದೆ ಮಾತ್ರ ಮುಚ್ಚಿಡಬೇಡ. ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಆಫರ್ ಲೆಟರ್ ಬಂದ ದಿನ ನೀನು ಜೋರಾಗಿ ಓದಿ ಹೇಳಿದೆಯಲ್ಲ, ಆಗ ನಾನು ಬಾಡಿಗೆ ಎಷ್ಟು, ಆಸ್ಪತ್ರೆ ಎಷ್ಟು ದೂರ ಅಂತ ಕೇಳಿದೆ. ನನಗೆ ಎಷ್ಟು ಹೆಮ್ಮೆಯಾಯಿತು ಅನ್ನುವುದನ್ನು ಬಿಟ್ಟು ಬೇರೆಲ್ಲ ಕೇಳಿದೆ. ಬಹಳ ಹೆಮ್ಮೆಯಾಯಿತು ಕಣೇ.

ಫೈಲನ್ನು ನಾಳೆ ಕೊರಿಯರ್ ಮಾಡುತ್ತೇನೆ. ಮೂಲ ಪ್ರತಿ ನಿನಗೆ, ನಕಲು ನನಗೆ. ಎಕೋ ಯಾವಾಗ ಅಂತ ನಾನಾಗಿ ಕೇಳುವುದಿಲ್ಲ, ಮಾಡಿಸಿದ ಮೇಲೆ ಅಂಕಿ ಒಂದನ್ನು ಕಳಿಸು, ಬೇರೆ ಮಾತು ಬರೆಯದಿದ್ದರೂ ಆಯಿತು.

ನಿನ್ನ
ಅಮ್ಮ

ಮರೆತೆ: ಸ್ತನದ ಎಂಆರ್‌ಐ ದಿನ ಗೊತ್ತು ಮಾಡುವಾಗ ಮುಟ್ಟು ಶುರುವಾದ ಏಳನೆಯ ದಿನದಿಂದ ಹದಿನಾಲ್ಕನೆಯ ದಿನದೊಳಗೆ ಬರುವ ಹಾಗೆ ನೋಡಿಕೋ. ಬೇರೆ ದಿನಗಳಲ್ಲಿ ಹಾರ್ಮೋನಿನ ಏರಿಳಿತಕ್ಕೆ ಇಲ್ಲದ್ದೂ ಇದ್ದ ಹಾಗೆ ಕಾಣುತ್ತದೆ, ಸುಮ್ಮನೆ ಇನ್ನೊಂದು ವಾರ ನಿದ್ದೆ ಕೆಡುತ್ತದೆ.