ಗುರುವಾರ ಜಪಾನಿನವರ ಜೊತೆ ವಿಡಿಯೋ ಕರೆ

ಎಲ್ಲರಿಗೂ ನಮಸ್ಕಾರ. ಗುರುವಾರ ಬೆಳಿಗ್ಗೆ 11:30ಕ್ಕೆ ಜಪಾನಿನ ಖರೀದಿದಾರರ ಜೊತೆ ಮಾತುಕತೆ ಇದೆ. ಅಲ್ಲಿ ಆಗ ಮಧ್ಯಾಹ್ನ 3 ಗಂಟೆ. ಕಾಳುಮೆಣಸಿನ ಸ್ಯಾಂಪಲ್ ಕೊಟ್ಟವರೆಲ್ಲ 11:15ಕ್ಕೇ ತೀರ್ಥಹಳ್ಳಿ ಗೋದಾಮಿಗೆ ಬನ್ನಿ. ಈ ಮಳೆಯಲ್ಲಿ ಮನೆಯ ಕರೆಂಟು, ನೆಟ್‌ವರ್ಕ್ ನಂಬುವ ಹಾಗಿಲ್ಲ ಅಲ್ವಾ.

ಮುಖ್ಯವಾಗಿ, ದರ ಹೇಳಿದ ಮೇಲೆ ಅವರು ಸುಮ್ಮನಿದ್ದರೆ ಗಾಬರಿಯಾಗಿ ಇಳಿಸಬೇಡಿ. ಅವರಲ್ಲಿ ಯೋಚಿಸಿ ಮಾತಾಡುವುದು ರೂಢಿ. ಎಷ್ಟೋ ಸಲ ಕಂಪನಿಯಲ್ಲಿ ಎಲ್ಲರನ್ನೂ ಕೇಳಿಯೇ ಉತ್ತರ ಕೊಡುತ್ತಾರೆ. ನಾವು ಸುಮ್ನೆ ತಲೆ ಅಲ್ಲಾಡಿಸಿದರೆ ಅವರಿಗೆ ಅರ್ಥವಾಗುವುದಿಲ್ಲ, ಬಾಯಿಬಿಟ್ಟು ಹೇಳಿ. ಲೆಕ್ಕ ಕ್ವಿಂಟಾಲಿನಲ್ಲಿ ಬೇಡ, ಕೆಜಿಯಲ್ಲಿರಲಿ.

ಔಷಧಿ ಹೊಡೆದ ವಿವರ ಬರೆದು ತನ್ನಿ. ಬೇರೆ ಮಿತಿ ಗೊತ್ತುಮಾಡದ ಕೀಟನಾಶಕ ಕಾಳಿನಲ್ಲಿ ಉಳಿಯುವುದಕ್ಕೆ ಅಲ್ಲಿ 2006ರಿಂದ 0.01 ಪಿಪಿಎಂ (ಅಂದರೆ ಒಂದು ಕೆಜಿಗೆ 0.01 ಮಿಲಿಗ್ರಾಂ) ಮಾತ್ರ ಮಿತಿ. ಇದನ್ನು ಯಾರೂ ಮುಚ್ಚಿಡಬೇಡಿ.

ಬರುವವರು ಮಂಗಳವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.