ತಪ್ಪು ಬದಿಗೆ ಸ್ಟಿಕ್ಕರ್, ಲೇಪವಿಲ್ಲದ ಗಾಜಿನ ಬದಲು ಲೇಪವಿರುವ ಗಾಜು: 23 ಶೀಟ್‌ಗಳ ಬಗ್ಗೆ ದೂರು

ಇವರಿಂದ:
ಕುಲುಮೆ ಗಾಜಿನ ಕಾರ್ಯಾಗಾರ,
ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಇವರಿಗೆ:
ವ್ಯವಸ್ಥಾಪಕರು,
ಗ್ರಾಹಕ ದೂರು ವಿಭಾಗ, ಗಾಜು ಪೂರೈಕೆ

ವಿಷಯ: 4 ಮಿ.ಮೀ. ಕ್ಲಿಯರ್ ಫ್ಲೋಟ್ ಗಾಜಿನ 40 ಶೀಟ್‌ಗಳ ಪೈಕಿ 23 ಶೀಟ್‌ಗಳ ಬದಲಿ ಮತ್ತು ನಷ್ಟ ಭರ್ತಿ ಕೋರಿ

ಮಾನ್ಯರೇ,

ನಮ್ಮ ಮೊದಲ ದೂರಿಗೆ ನೀವು ಕಳಿಸಿದ ಉತ್ತರ ಒಂದೇ ಸಾಲಿನದು: ಕುಲುಮೆಯ ಶಾಖ ಹೆಚ್ಚಾಗಿ ಬಣ್ಣ ಕೆಟ್ಟಿದೆ, ಗಾಜಿನಲ್ಲಿ ದೋಷವಿಲ್ಲ. ಇದನ್ನು ನಾವು ಒಪ್ಪುವುದಿಲ್ಲ. ಶಾಖ ಹೆಚ್ಚಾದಾಗ ಸಿಲ್ವರ್ ಸ್ಟೇನ್ (ಗಾಜಿಗೆ ಬಳಿದು ಸುಟ್ಟು ಹಳದಿ ಮೂಡಿಸುವ ಬೆಳ್ಳಿಯ ಬಣ್ಣ) ಕೆಡುವ ರೀತಿಯೇ ಬೇರೆ: ಮೇಲ್ಮೈ ಹಾಲಿನಂತೆ ಮಬ್ಬಾಗಿ ಲೋಹದ ಹೊಳಪು ಏರುತ್ತದೆ, ಅದೂ ಒಂದೇ ತಟ್ಟೆಯ ಮೇಲಿದ್ದ ಎಲ್ಲ ತುಂಡುಗಳಿಗೂ. ಇಲ್ಲಿ ಪಕ್ಕಪಕ್ಕ ಇಟ್ಟ ಎರಡು ತುಂಡುಗಳಲ್ಲಿ ಒಂದು ನಿಂಬೆಹಣ್ಣಿನ ಹಳದಿ, ಇನ್ನೊಂದು ಮಂಡ್ಯದ ಅಚ್ಚುಬೆಲ್ಲದ ಕಂದು. ಶಾಖ ಹೀಗೆ ಪಂಕ್ತಿಭೇದ ಮಾಡುವುದಿಲ್ಲ.

ಆರ್ಡರ್‌ನಲ್ಲಿ ಎರಡು ಷರತ್ತುಗಳಿದ್ದವು. ಗಾಜಿನ ಮೇಲೆ ಯಾವ ಲೇಪವೂ ಇರಬಾರದು. ಪ್ರತಿ ಶೀಟಿನ ಏರ್ ಸೈಡ್‌ಗೆ, ಅಂದರೆ ತಯಾರಿಕೆಯಲ್ಲಿ ತವರ ಮುಟ್ಟದ ಬದಿಗೆ, ಸ್ಟಿಕ್ಕರ್ ಹಚ್ಚಿರಬೇಕು. ಎರಡೂ ನಿಮ್ಮ ಇನ್‌ವಾಯ್ಸ್‌ನಲ್ಲೇ ಇವೆ. ಬಂದದ್ದನ್ನು ಒಂದೊಂದಾಗಿ ಪರೀಕ್ಷಿಸಿದಾಗ 17 ಶೀಟ್‌ಗಳಲ್ಲಿ ಸ್ಟಿಕ್ಕರ್ ತವರದ ಬದಿಗೆ ಅಂಟಿತ್ತು. ಇನ್ನು 6 ಶೀಟ್‌ಗಳು ಪ್ಲೇನ್ ಗಾಜೇ ಅಲ್ಲ.

ಮೊದಲು ಆ 17ರ ವಿಷಯ. ಫ್ಲೋಟ್ ಗಾಜು ತಯಾರಾಗುವುದೇ ಕರಗಿದ ತವರದ ಮೇಲೆ ತೇಲಿ. ತವರ ಮುಟ್ಟಿದ ಬದಿಯಲ್ಲಿ ಅದರ ಅಂಶ ಗಾಜಿನೊಳಗೆ ಸೇರಿಕೊಂಡಿರುತ್ತದೆ. ಕಿಟಕಿಗೆ ಕೂರಿಸುವವರಿಗೆ ಇದು ಲೆಕ್ಕಕ್ಕಿಲ್ಲ, ಬೆಂಕಿಗೆ ಇಡುವವರಿಗೆ ಇದೇ ಮುಖ್ಯ. ಸ್ಟೇನ್‌ನಲ್ಲಿರುವ ಬೆಳ್ಳಿಯ ಅಯಾನುಗಳು ಗಾಜಿನ ಸೋಡಿಯಂ ಜಾಗಕ್ಕೆ ಇಳಿದು, ಒಳಗೆ ಅತಿಸಣ್ಣ ಬೆಳ್ಳಿಕಣಗಳಾದಾಗ ಹಳದಿ ಮೂಡುತ್ತದೆ. ತವರದ ಬದಿಯಲ್ಲಿ ತವರವೇ ಬೆಳ್ಳಿಯ ಅಯಾನುಗಳನ್ನು ಲೋಹವಾಗಿಸಿ ಕಣಗಳನ್ನು ಹೆಚ್ಚಿಸುತ್ತದೆ. ಹಳದಿ ಅಲ್ಲಿ ನಿಲ್ಲದೆ ಕಂದಿಗೆ ಜಾರುತ್ತದೆ.

ಸಂದೇಹ ಉಳಿಯಬಾರದೆಂದು ಒಂದೇ ಶೀಟಿನಿಂದ 10 ಸೆಂ.ಮೀ.ನ ಎರಡು ತುಂಡು ಕತ್ತರಿಸಿ, ಶೀಟ್‌ಗಳ ನಡುವೆ ಉದುರಿಸಿದ್ದ ಪುಡಿಯನ್ನು ತೊಳೆದು, ಒಂದರ ಏರ್ ಸೈಡ್‌ಗೂ ಇನ್ನೊಂದರ ತವರದ ಬದಿಗೂ ಒಂದೇ ಬಟ್ಟಲಿನ ಸ್ಟೇನ್ ಬಳಿದೆವು. ಗಂಟೆಗೆ 150 ಡಿಗ್ರಿಯಂತೆ 570 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ 20 ನಿಮಿಷ ನಿಲ್ಲಿಸಿ, 550ರಲ್ಲಿ ಅರ್ಧ ಗಂಟೆ ಹದಗೊಳಿಸಿ ನಿಧಾನವಾಗಿ ಆರಿಸಿದೆವು. ನಡುವೆ ಕರೆಂಟ್ ಹೋಗಿಲ್ಲ; ಕಂಟ್ರೋಲರ್ ದಾಖಲೆ ಇದೆ. ಏರ್ ಸೈಡ್‌ನದು ಹಳದಿ, ತವರದ್ದು ಕಂದು. ಇದೇ ಗಾಜನ್ನು ಅಚ್ಚಿನಲ್ಲಿ ಬಾಗಿಸಿದರೆ ತವರದ ಬದಿ ಮೇಲಿದ್ದಾಗ ಬೂದು-ನೀಲಿ ಮಬ್ಬು ಕವಿಯುತ್ತದೆ. ಅದು ಕೊಳೆಯಲ್ಲ, ಉಜ್ಜಿದರೆ ಹೋಗದು.

ಬದಿ ಗುರುತಿಸಲು 254 ನ್ಯಾನೋಮೀಟರ್‌ನ ಶಾರ್ಟ್‌ವೇವ್ ಯುವಿ ಲ್ಯಾಂಪ್ ಬೇಕು. ಕತ್ತಲಲ್ಲಿ ಓರೆಯಾಗಿ ಹಿಡಿದರೆ ತವರದ ಬದಿ ಹಾಲುಬಣ್ಣದಲ್ಲಿ ಮಿನುಗುತ್ತದೆ; ಕಣ್ಣಿಗೆ ಕನ್ನಡಕ ಕಡ್ಡಾಯ. ನಿಮ್ಮ ಗೋದಾಮಿನಲ್ಲಿ ನೋಟು ಪರೀಕ್ಷಿಸುವ 365ರ ಲ್ಯಾಂಪ್ ಹಿಡಿದು ಸ್ಟಿಕ್ಕರ್ ಹಚ್ಚುತ್ತಿದ್ದರೆ ಈ ಗೊಂದಲದ ಮೂಲ ಅಲ್ಲೇ ಇದೆ. ಅದರಲ್ಲಿ ಏನೂ ಕಾಣದು.

ಉಳಿದ 6 ಶೀಟ್‌ಗಳದು ಹಾರ್ಡ್ ಕೋಟ್, ಅಂದರೆ ಶಾಖ ತಡೆಯುವ ಕಿಟಕಿಗಾಜಿನ ಟಿನ್ ಆಕ್ಸೈಡ್ ಲೇಪ. ಒಂದು ಇಂಚು ಅಂತರದಲ್ಲಿ ಮಲ್ಟಿಮೀಟರ್ ಕಡ್ಡಿ ಇಟ್ಟರೆ 40ರಿಂದ 90 ಓಮ್ ತೋರಿಸುತ್ತದೆ. ಬರೀ ಗಾಜಿನಲ್ಲಿ ಮುಳ್ಳು ಅಲ್ಲಾಡುವುದೇ ಇಲ್ಲ. ಈ ಲೇಪ ದಾಟಿ ಬೆಳ್ಳಿ ಒಳಗಿಳಿಯಲಿಲ್ಲ; ಸುಟ್ಟ ಮೇಲೆ ಒದ್ದೆಬಟ್ಟೆಗೆ ಸ್ಟೇನ್ ಪೂರ್ತಿ ಎದ್ದು ಬಂತು. 810 ಡಿಗ್ರಿಯಲ್ಲಿ ಎರಡು ಪದರ ಬೆಸೆದಾಗ ಗಾಜು ಮೆತ್ತಗಾಗಿ ಹರಿಯಿತು, ಲೇಪ ಹರಿಯಲಿಲ್ಲ, ಮೀನಿನ ಹುರುಪೆಯಂತೆ ಬಿರಿಯಿತು. ಮಗುಚಿ ಬಳಸಿ ಎಂದು ಫೋನಿನಲ್ಲಿ ಸಲಹೆ ಕೊಟ್ಟಿರಿ. ಹಾರ್ಡ್ ಕೋಟ್ ಹಾಕುವುದೇ ಏರ್ ಸೈಡ್‌ಗೆ. ಮಗುಚಿದರೆ ಸಿಗುವುದು ತವರದ ಬದಿ. ನಮ್ಮ ಕೆಲಸಕ್ಕೆ ಈ ಗಾಜಿನ ಎರಡು ಮುಖವೂ ಬೇಡ.

ಅರಮನೆಯ ಕಲ್ಯಾಣ ಮಂಟಪದ ನವಿಲುಗಾಜು ನೋಡಿ ಬೆಳೆದ ಊರಿನ ಗಿರಾಕಿಗಳಿಗೆ ಕಂದನ್ನು ಹಳದಿ ಎಂದು ಒಪ್ಪಿಸಲಾಗದು. ಆದ್ದರಿಂದ 23 ಶೀಟ್‌ಗಳನ್ನು ನಿಮ್ಮ ಖರ್ಚಿನಲ್ಲೇ ಬದಲಿಸಿಕೊಡಿ. ಕೆಟ್ಟ 11 ಪ್ಯಾನೆಲ್‌ಗಳ ಸಿಲ್ವರ್ ನೈಟ್ರೇಟ್ ಹಾಗೂ ವಿದ್ಯುತ್ ವೆಚ್ಚ ಭರಿಸಿ, ಬಿಲ್‌ಗಳನ್ನು ಲಗತ್ತಿಸಿದೆ. ಲೇಪದ ಗಾಜು ಯಾವ ಬ್ಯಾಚಿನಿಂದ ಬೆರೆಯಿತು ಎಂಬುದನ್ನು ಬರಹದಲ್ಲಿ ತಿಳಿಸಿ. 15 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ವ್ಯಾಪಾರಕ್ಕೆ ಕೊಂಡದ್ದು ಎಂಬ ವಾದ ಇಲ್ಲಿ ನಿಲ್ಲದು: ಸ್ವಉದ್ಯೋಗದ ಜೀವನೋಪಾಯಕ್ಕಷ್ಟೇ ಕೊಂಡ ಸರಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶದ ಖರೀದಿ ಎಂದು ಎಣಿಸುವುದಿಲ್ಲ.

ಪರೀಕ್ಷೆಯ ತುಂಡುಗಳನ್ನೂ ಕತ್ತರಿಸದ ಶೀಟ್‌ಗಳನ್ನೂ ಸ್ಟಿಕ್ಕರ್ ಕೀಳದೆ ತೆಗೆದಿಟ್ಟಿದ್ದೇವೆ. ನಿಮ್ಮವರು ಬರುವಾಗ 254ರ ಲ್ಯಾಂಪನ್ನು ತಾವೇ ತರಲಿ.

ಇಂತಿ,
ಕಾರ್ಯಾಗಾರದ ಪಾಲುದಾರರು