ಪಟ್ಟಿ ನಮ್ಮ ಕೈಯಲ್ಲೇ ಇತ್ತು

ಮಾನ್ಯ ಸಂಪಾದಕರೇ,

ಗ್ರಾಮ ಪಂಚಾಯಿತಿ ಚುನಾವಣೆಯ ಮಾತು ನಮ್ಮ ಕಡೆ ಮತ್ತೆ ಶುರುವಾಗಿದೆ. ಕಳೆದ ವಾರ ನಮ್ಮೂರ ಯುವಕರ ಸಂಘಕ್ಕೆ ಒಬ್ಬರು ಬಂದಿದ್ದರು. ವಾಲಿಬಾಲ್ ನೆಟ್ ಹರಿದಿದೆಯಲ್ಲ, ಹೊಸದು ಕೊಡಿಸುತ್ತೇನೆ, ಟೂರ್ನಮೆಂಟ್ ಇಡಿ, ಖರ್ಚು ನನ್ನದು ಅಂದರು. ನಾವು ಬೇಡ ಅಂದೆವು. ಅದಕ್ಕೆ ಈಗ ಊರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಯಾಕೆ ಬೇಡ ಅಂದೆವು ಅಂತ ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿ ಹಳ್ಳಿಯಲ್ಲೂ ನಮ್ಮಂಥ ಸಂಘಗಳಿವೆ. ಅವರೂ ಓದಲಿ ಅನ್ನೋದು ನನ್ನ ಆಸೆ.

ನಾನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ. ನಮ್ಮ ಸಂಘ ಶುರುವಾಗಿದ್ದು ಗಣೇಶನ ಹಬ್ಬ ಮಾಡೋದಕ್ಕೆ. ಆಮೇಲೆ ವಾಲಿಬಾಲ್ ಸೇರಿತು, ರಾಜ್ಯೋತ್ಸವ ಸೇರಿತು, ಯಾರ ಮನೆಯಲ್ಲಾದರೂ ಸಾವಾದರೆ ಶಾಮಿಯಾನ ಹಾಕೋದು, ಅಡುಗೆ ಪಾತ್ರೆ ಒದಗಿಸೋದು ಸೇರಿತು. ಒಳ್ಳೆಯ ಸಂಘ. ಆದರೆ ಚುನಾವಣೆ ವರ್ಷ ಬಂತು ಅಂದರೆ ಅದರ ಬಣ್ಣವೇ ಬೇರೆ ಆಗುತ್ತಿತ್ತು.

2023ರ ವಿಧಾನಸಭೆ ಚುನಾವಣೆ ನೆನಪಿದೆಯಲ್ಲ. ನೀತಿ ಸಂಹಿತೆ ಬಂದಿದ್ದು ಮಾರ್ಚ್ 29ಕ್ಕೆ. ನಮ್ಮೂರಿಗೆ ಕುಕ್ಕರ್ ಬಂದಿದ್ದು ಸಂಕ್ರಾಂತಿಗೆ. ಅದಕ್ಕೂ ಮೊದಲೇ ಹೆಂಗಸರನ್ನು ಓಂ ಶಕ್ತಿ ಯಾತ್ರೆಗೆ ಕರೆದುಕೊಂಡು ಹೋಗುವ ಬಸ್ಸು ಬಂದು ಹೋಗಿತ್ತು. ಆ ಬಸ್ಸಿನ ಸೀಟಿನ ಲೆಕ್ಕ ಬರೆದವರು ನಮ್ಮ ಸಂಘದವರೇ. ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ದೂರು ಕೊಟ್ಟರೆ 100 ನಿಮಿಷದಲ್ಲಿ ಕ್ರಮ ಅನ್ನುತ್ತಾರೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಅದು ಕೆಲಸ ಮಾಡೋದು ನೀತಿ ಸಂಹಿತೆ ಜಾರಿಯಾದ ಮೇಲೆ. ಅಷ್ಟು ಹೊತ್ತಿಗೆ ಕುಕ್ಕರ್‌ನಲ್ಲಿ ಎರಡು ತಿಂಗಳು ಬೇಳೆ ಬೆಂದಿರುತ್ತದೆ.

ಏಪ್ರಿಲ್‌ನಲ್ಲಿ ಒಬ್ಬ ಅಭ್ಯರ್ಥಿಯ ಕಡೆಯವರು ನಮ್ಮ ಕೈಗೆ ಮತದಾರರ ಪಟ್ಟಿಯ ಜೆರಾಕ್ಸ್ ಕೊಟ್ಟರು. ಯಾವ ಮನೆಯಲ್ಲಿ ಎಷ್ಟು ಮತ, ಯಾರು ನಮ್ಮ ಕಡೆ, ಯಾರು ಅನುಮಾನ ಅಂತ ಗುರುತು ಹಾಕಬೇಕಿತ್ತು. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ರಾತ್ರಿ ಕೂತು ಹಾಕಿದೆವು. ಒಂದು ಮನೆಯ ಮುಂದೆ ನಾನೇ ಪೆನ್ನಿನಲ್ಲಿ '3' ಅಂತ ಬರೆದೆ. ಪಟ್ಟಿಯಲ್ಲಿ ಆ ಮನೆಯ ಮೂರು ಹೆಸರಿದ್ದವು, ಮೂರು ಅಂತ ಬರೆದೆ. ಮುಂದಿನ ಮನೆಗೆ ಹೋದೆ.

ಮೇ 10ರ ಬೆಳಿಗ್ಗೆ ಆ ಮನೆಯ ಅಜ್ಜಿ ಮಡಿಸೀರೆ ಉಟ್ಟು, ಗುರುತಿನ ಚೀಟಿ ಸೆರಗಿಗೆ ಕಟ್ಟಿಕೊಂಡು ಶಾಲೆಗೆ ಬಂದರು. ಎಂಟು ಗಂಟೆಯೂ ಆಗಿರಲಿಲ್ಲ. ಒಳಗೆ ಹೋದವರು ಐದೇ ನಿಮಿಷಕ್ಕೆ ಹೊರಗೆ ಬಂದರು. ಪಟ್ಟಿಯಲ್ಲಿ ಹೆಸರಿಲ್ಲ. ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ಇದು ನಮ್ಮ ಕಡೆ ಎಷ್ಟೋ ಜನಕ್ಕೆ ಇವತ್ತಿಗೂ ಗೊತ್ತಿಲ್ಲ. ಅಜ್ಜಿ ನೇರವಾಗಿ ನನ್ನ ಹತ್ತಿರ ಬಂದು, "ಬದುಕಿದೀನಲ್ಲಪ್ಪ, ನನ್ನ ಯಾಕೆ ತೆಗೆದ್ರು?" ಅಂದರು. ನನ್ನ ಜೇಬಿನಲ್ಲೇ ಪಟ್ಟಿ ಇತ್ತು. ತೆಗೆದು ನೋಡಿದೆ. ಅವರ ಮನೆಯ ಮುಂದೆ ನನ್ನ ಅಕ್ಷರದಲ್ಲೇ '3' ಅಂತ ಇತ್ತು. ಆ ಮನೆಯಲ್ಲಿ ಮತ ಹಾಕುವವರು ನಾಲ್ಕು ಜನ. ನಾನು ಚಿಕ್ಕಂದಿನಿಂದ ಊಟ ಮಾಡಿದ ಮನೆ ಅದು.

ಆಮೇಲೆ ಗೊತ್ತಾಯಿತು, ಹಿಂದಿನ ವರ್ಷ ಅದೇ ಹೆಸರಿನ ಇನ್ನೊಬ್ಬ ಅಜ್ಜಿ ತೀರಿಕೊಂಡಿದ್ದರು. ತೆಗೆಯುವಾಗ ಇವರ ಹೆಸರು ತೆಗೆದಿದ್ದಾರೆ. ತೀರಿಹೋದವರ ಹೆಸರು ಹಾಗೇ ಉಳಿದಿದೆ. ನಮ್ಮ ಕಡೆ ಒಂದೇ ಹೆಸರಿನವರು ಬೀದಿಗೆ ಇಬ್ಬರು ಮೂವರು ಇರುತ್ತಾರೆ. ತಪ್ಪು ಆಗೋದು ಸಹಜ. ಆದರೆ ಆ ತಪ್ಪು ಹಿಡಿಯಬಹುದಾಗಿದ್ದ ಹನ್ನೆರಡು ಹುಡುಗರು ಪಟ್ಟಿ ಕೈಯಲ್ಲಿ ಹಿಡಿದುಕೊಂಡು ನಾಲ್ಕು ರಾತ್ರಿ ಕೂತಿದ್ದೆವು. ಬರೀ ಮತದ ಲೆಕ್ಕ ಹಾಕಿದೆವು. ಮನುಷ್ಯರ ಲೆಕ್ಕ ಹಾಕಲಿಲ್ಲ. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಕಿವುಚುತ್ತದೆ.

ಅವತ್ತು ಏನು ಮಾಡಲೂ ಬರುತ್ತಿರಲಿಲ್ಲ. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದರೆ ಪಟ್ಟಿಗೆ ಹೆಸರು ಸೇರಿಸೋದಿಲ್ಲ. ಆ ವರ್ಷ ಅದು ಏಪ್ರಿಲ್ 20. ಅಂದರೆ ಮತದಾನದ ದಿನ ಸಂಘ ಎಷ್ಟು ಓಡಾಡಿದರೂ ಈ ಕೆಲಸಕ್ಕೆ ಅದು ತಡ. ಈ ಕೆಲಸ ಇರೋದು ಚುನಾವಣೆಗೆ ಆರು ತಿಂಗಳು ಮೊದಲು, ಯಾರೂ ಬಾವುಟ ಕಟ್ಟದ ದಿನಗಳಲ್ಲಿ.

ಒಂದು ಮತದಿಂದ ಏನಾಗುತ್ತೆ ಅನ್ನುವವರಿದ್ದಾರೆ. 2004ರ ವಿಧಾನಸಭೆ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದಿದ್ದು ಒಂದೇ ಒಂದು ಮತದಿಂದ. ಅಷ್ಟು ದೂರ ಯಾಕೆ, ಪಕ್ಕದ ಕೋಲಾರ ಜಿಲ್ಲೆಯ ಮಾಲೂರಿನಲ್ಲಿ 2023ರಲ್ಲಿ ಎಣಿಕೆ ಮುಗಿದಾಗ ಘೋಷಿಸಿದ ಅಂತರ 248 ಮತ. ಗ್ರಾಮ ಪಂಚಾಯಿತಿಯಲ್ಲಂತೂ ಸಮ ಬಂದು ಚೀಟಿ ಎತ್ತಿ ತೀರ್ಮಾನ ಮಾಡಿದ್ದೂ ಇದೆ.

ಆ ಚುನಾವಣೆ ಆದಮೇಲೆ ಸಂಘದಲ್ಲಿ ದೊಡ್ಡ ಜಗಳ ಆಯಿತು. ಕೆಲವರು ಬಿಟ್ಟು ಹೋದರು. ಉಳಿದವರು ಸೇರಿ ಎರಡು ತೀರ್ಮಾನ ಮಾಡಿದೆವು. ಯಾವ ಸದಸ್ಯ ಯಾವ ಪಕ್ಷಕ್ಕೆ ಬೇಕಾದರೂ ದುಡಿಯಲಿ, ಅದು ಅವನ ಹಕ್ಕು. ಆದರೆ ಸಂಘದ ಬೋರ್ಡು, ಮೈಕು, ಕುರ್ಚಿ ಯಾರ ಪ್ರಚಾರಕ್ಕೂ ಇಲ್ಲ. ಇನ್ನೊಂದು, ಚುನಾವಣೆಗೆ ನಿಲ್ಲುವವರಿಂದ ಸಂಘಕ್ಕೆ ಒಂದು ರೂಪಾಯಿಯೂ ಬೇಡ. ಗಣೇಶನಿಗೆ ಮನೆಮನೆಯಿಂದ ಎತ್ತಿದ್ದೇ ಸಾಕು, ಲೆಕ್ಕ ಹಾಲಿನ ಡೈರಿಯ ಗೋಡೆಗೆ ಅಂಟಿಸಬೇಕು. ಮೊದಲ ವರ್ಷ ಗಣೇಶ ಚಿಕ್ಕದಾಯಿತು, ಆರ್ಕೆಸ್ಟ್ರಾ ಇರಲಿಲ್ಲ. ಹುಡುಗರು ಬೈದರು. ಹೆಂಗಸರು ಯಾರೂ ಬೈಯಲಿಲ್ಲ.

ಪಟ್ಟಿಯ ಕೆಲಸವನ್ನು ಡೈರಿಯಲ್ಲೇ ಶುರು ಮಾಡಿದೆವು. ಬೆಳಿಗ್ಗೆ ಹಾಲು ಹಾಕಲು ಪ್ರತಿ ಮನೆಯಿಂದ ಒಬ್ಬರಾದರೂ ಬರುತ್ತಾರೆ. ಕರಡು ಪಟ್ಟಿ ಬಂದಾಗ ಬೀದಿ ಪ್ರಕಾರ ಹೆಸರು ಗಟ್ಟಿಯಾಗಿ ಓದಿದೆವು. ನಿಮ್ಮ ಮನೆಯಲ್ಲಿ ಯಾರು ಬಿಟ್ಟುಹೋಗಿದ್ದಾರೆ, ಯಾರು ತೀರಿಕೊಂಡಿದ್ದಾರೆ, ಸೊಸೆಯ ಹೆಸರು ತವರಲ್ಲೇ ಇದೆಯಾ, ಮಗ ಬೆಂಗಳೂರಿನಲ್ಲಿ ಸೇರಿಸಿಕೊಂಡಿದ್ದಾನಾ ಅಂತ ಕೇಳಿದೆವು. ಹೊಸ ಹೆಸರಿಗೆ ನಮೂನೆ 6, ತೆಗೆಯಲು 7, ತಿದ್ದಲು ಮತ್ತು ವಿಳಾಸ ಬದಲಿಸಲು 8. ಇಷ್ಟು ಗೊತ್ತಿದ್ದರೆ ಸಾಕು. 18 ತುಂಬಿದವರು ಮೊದಲಿನ ಹಾಗೆ ಜನವರಿ 1ಕ್ಕೆ ಮಾತ್ರ ಕಾಯಬೇಕಾಗಿಲ್ಲ. ಈಗ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಪಟ್ಟಿ ನೋಡಿಕೊಳ್ಳುವ ನಮ್ಮ ಮತಗಟ್ಟೆ ಅಧಿಕಾರಿ (ಬಿಎಲ್ಒ) ಅಂಗನವಾಡಿ ಕಾರ್ಯಕರ್ತೆ. ಅವರಿಗೆ ಇರುವ ಕೆಲಸವೇ ಜಾಸ್ತಿ. ನಾವು ಕಾಗದ ಜೋಡಿಸಿ ಕೊಟ್ಟಿದ್ದಕ್ಕೆ ಅವರಿಗೂ ಸಮಾಧಾನವಾಯಿತು.

2024ರ ಏಪ್ರಿಲ್ 26ರಂದು ಲೋಕಸಭೆ ಮತದಾನ. ನಮ್ಮ ಜಿಲ್ಲೆ ಚಿಕ್ಕಬಳ್ಳಾಪುರ ಆದರೂ ಲೋಕಸಭೆಗೆ ಶಿಡ್ಲಘಟ್ಟ ಕೋಲಾರಕ್ಕೆ ಸೇರುತ್ತದೆ. ಅವತ್ತು ಎರಡು ಮನೆಯಲ್ಲಿ ಹುಳು ಹಣ್ಣಾಗಿತ್ತು, ಅಂದರೆ ಗೂಡು ಕಟ್ಟಲು ಸಿದ್ಧವಾಗಿತ್ತು. ರೇಷ್ಮೆ ಬೆಳೆದವರಿಗೆ ಗೊತ್ತು, ಹುಳು ಹಣ್ಣಾದರೆ ಮನೆ ಮಂದಿಯೆಲ್ಲ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ ಬಿಡಬೇಕು, ಯಾರಿಗೂ ಪುರುಸೊತ್ತು ಇರೋದಿಲ್ಲ. ನಮ್ಮ ಹುಡುಗರು ಹೋಗಿ ಒಂದೊಂದು ಗಂಟೆ ಹುಳು ಆರಿಸಿಕೊಟ್ಟರು. ಮನೆಯವರು ಹೋಗಿ ಮತ ಹಾಕಿ ಬಂದರು. ಯಾರಿಗೆ ಹಾಕಿದಿರಿ ಅಂತ ನಾವು ಕೇಳಲಿಲ್ಲ. ಆ ಅಜ್ಜಿಯೂ ಬೆಳಿಗ್ಗೆಯೇ ಬಂದು ಬೆರಳಿಗೆ ಶಾಯಿ ಹಾಕಿಸಿಕೊಂಡು ಹೋದರು. ಸಂಘ ಕಟ್ಟಿದ ಮೇಲೆ ನನಗೆ ಅಷ್ಟು ಸಂತೋಷವಾದ ದಿನ ಇನ್ನೊಂದಿಲ್ಲ.

ಈಗ ಪಂಚಾಯಿತಿ. ಇದೇ ನನಗೆ ಜಾಸ್ತಿ ಭಯ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರೋದಿಲ್ಲ. ಹಾಗಾಗಿ ಊರಿನ ಸಂಘಗಳೇ ಪಕ್ಷದ ಜಾಗಕ್ಕೆ ಬಂದು ಕೂರುತ್ತವೆ. ಗಣೇಶನ ಸಂಘ ಒಬ್ಬರ ಕಡೆ, ಹಾಲಿನ ಸಂಘ ಒಬ್ಬರ ಕಡೆ, ಹೆಂಗಸರ ಸಂಘ ಇನ್ನೊಬ್ಬರ ಕಡೆ. 2020ರ ಡಿಸೆಂಬರ್‌ನಲ್ಲಿ ರಾಜ್ಯದ ಕೆಲವು ಕಡೆ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ದೇವಸ್ಥಾನಕ್ಕೆ ಇಷ್ಟು ದುಡ್ಡು ಕೊಟ್ಟವನಿಗೆ ಸೀಟು. ಊರಿನ ಒಳ್ಳೆಯದಕ್ಕೇ ಅಲ್ವಾ ಅಂತ ಸಂಘದವರೇ ಮುಂದೆ ನಿಂತು ಮಾಡುವ ಕೆಲಸ ಅದು. ಊರಿನ ನೂರಾರು ಜನರ ಮತವನ್ನು ನಾಲ್ಕು ಜನ ಕೂತು ಮಾರೋದು ಒಳ್ಳೆಯದು ಹೇಗಾಗುತ್ತದೆ?

ಮತಕ್ಕೆ ದುಡ್ಡು ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಒಂದು ವರ್ಷದವರೆಗೆ ಜೈಲು ಇದೆ. ಆದರೆ ಜೈಲಿನ ಹೆದರಿಕೆಗಿಂತ ನನಗೆ ಕಾಡುವುದು ಬೇರೆ. ನೆಟ್ ಕೊಡಿಸಿದವರಿಗೆ ಆಮೇಲೆ ನಾವು ಪ್ರಶ್ನೆ ಕೇಳಲು ಆಗುವುದಿಲ್ಲ. ನಮ್ಮ ಕಡೆ ಕೆರೆಗಳಿಗೆ ಎಚ್‌.ಎನ್‌. ವ್ಯಾಲಿಯ (ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ) ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಅದನ್ನು ಮೂರನೇ ಹಂತದವರೆಗೆ ಶುದ್ಧ ಮಾಡಿ ಅಂತ ಜನ ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ. ಆ ನೀರಿನ ಬಗ್ಗೆ ನೀವೇನು ಮಾಡುತ್ತೀರಿ ಅಂತ ಕುಕ್ಕರ್ ತಂದವರನ್ನು ನಮ್ಮೂರಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಸಂಪಾದಕರಲ್ಲಿ ಒಂದು ವಿನಂತಿ. ಅಭ್ಯರ್ಥಿಗಳ ಸುದ್ದಿ ನೀವು ದಿನಾ ಹಾಕುತ್ತೀರಿ. ಅದರ ಜೊತೆಗೆ ಕರಡು ಮತದಾರರ ಪಟ್ಟಿ ಯಾವತ್ತು ಬರುತ್ತದೆ, ಆಕ್ಷೇಪಣೆಗೆ ಕೊನೆಯ ದಿನ ಯಾವುದು ಅನ್ನೋದನ್ನು ಜಿಲ್ಲೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ, ಒಂದು ವಾರ ಬಿಡದೆ ಹಾಕಿ. ಸಹಾಯವಾಣಿ 1950 ಅನ್ನೂ ಹಾಕಿ. ತಾಲ್ಲೂಕು ಆಡಳಿತದವರು ಆಕ್ಷೇಪಣೆಯ ದಿನಗಳಲ್ಲಿ ಮತಗಟ್ಟೆ ಅಧಿಕಾರಿಗಳನ್ನು ಎರಡು ದಿನವಾದರೂ ಬೆಳಿಗ್ಗೆ ಆರರಿಂದ ಎಂಟರವರೆಗೆ ಡೈರಿ ಹತ್ತಿರ ಕೂರಿಸಲಿ, ಆ ಹೊತ್ತಿನ ಕೆಲಸಕ್ಕೆ ಅವರಿಗೆ ಬೇರೆ ಭತ್ಯೆ ಕೊಡಲಿ. ಹೆಸರು ಓದಿ ಹೇಳಲು, ಅರ್ಜಿ ಬರೆದುಕೊಡಲು ಊರಿನ ಸಂಘದ ಹುಡುಗರು ಇದ್ದೇ ಇರುತ್ತಾರೆ.

ಇತಿ,
ರೇಷ್ಮೆ ಬೆಳೆಗಾರ ಓದುಗ
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ